ಯಾವಾಗಲೂ ಎಂಬ ಉತ್ತರ

ಗಂಡ ತೀರಿಕೊಂಡ ಎರಡನೇ ವರ್ಷಕ್ಕೆ ಜಗದಾಂಬಾ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸಕ್ಕೆ ಸೇರಿದರು. ಆಗ ಅವರಿಗೆ ನಲವತ್ತೊಂಬತ್ತು. ಮಕ್ಕಳ ಕ್ಲಿನಿಕ್ಕುಗಳು ಮನೆಯವರ ಮಾತು ಕೇಳುತ್ತವೆಯೇ, ಮಗು ಬೇರೆ ಡಾಕ್ಟರ ಹತ್ತಿರ ಹೋದರೆ ಇವರಿಗೆ ಗೊತ್ತಾಗುತ್ತದೆಯೇ ಎಂಬುದನ್ನೆಲ್ಲ ಅಂಕಗಳಲ್ಲಿ ಅಳೆಯುವ ಸಮೀಕ್ಷೆ ಅದು. ಮೂವತ್ತನಾಲ್ಕು ಪ್ರಶ್ನೆ. ಉತ್ತರ ನಾಲ್ಕೇ: ಯಾವಾಗಲೂ, ಹೆಚ್ಚಾಗಿ, ಕೆಲವು ಸಲ, ಇಲ್ಲವೇ ಇಲ್ಲ.

ಪ್ರಶ್ನೆಯನ್ನು ಬರೆದಂತೆಯೇ ಓದಬೇಕು, ತಲೆಯಾಡಿಸಬಾರದು, ಸಲಹೆ ಕೊಡಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಬೇರೆಯವರಿಗೆ ಇದು ಕಷ್ಟವಾಯಿತು, ಜಗದಾಂಬಾ ಅವರಿಗೆ ಆಗಲಿಲ್ಲ. ಗಂಡ ಚನ್ನವೀರೇಶ್ ಹೋದ ದಿನದಿಂದ ಯಾರ ಮಾತೂ ಅವರೊಳಗೆ ಇಳಿಯುತ್ತಿರಲಿಲ್ಲ. ಅಳು ಬಂದಿರಲಿಲ್ಲ. ತಂಗಿಯರು ಅವರನ್ನು ಗಟ್ಟಿಗಿತ್ತಿ ಎಂದುಕೊಂಡಿದ್ದರು. ಮಹಾಲಕ್ಷ್ಮಿ ಲೇಔಟಿನ ಮನೆಯಲ್ಲಿ ಒಬ್ಬರೇ ಅನ್ನ ಮಾಡಿಕೊಂಡು, ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ತಿಳಿಯದೆ ಊಟ ಮುಗಿಸುತ್ತಿದ್ದರು.

ಹೋದ ಜುಲೈನಲ್ಲಿ ಗೋವಿಂದರಾಜನಗರದ ಬಾಡಿಗೆ ಮನೆಯೊಂದರ ಮೂರನೇ ಮಹಡಿ ಹತ್ತಿದರು. ಸಿಂದಗಿ ಕಡೆಯ ಸುವರ್ಣಾ ಬಾಗಿಲು ತೆರೆದಳು. ಅವಳ ಗಂಡ ಡೆಲಿವರಿ ಕೆಲಸಕ್ಕೆ ಹೋಗಿದ್ದ. ಆರು ವರ್ಷದ ಮಗಳು ಸಂಘಮಿತ್ರಾ ಚಾಪೆಯ ಮೇಲೆ ಮಲಗಿದ್ದಳು. ಶಾಲೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆ.

“ಫಿಟ್ಸ್ ಬರ್ತಿದ್ವುರಿ. ಈಗ ಬರಂಗಿಲ್ಲ. ಖರೆ ಬರೀ ಮಲ್ಕೊಂಡೇ ಇರ್ತಾಳ. ಸಾಲಿಗೆ ಕಳಿಸದೆ ತಿಂಗಳಾತು,” ಎಂದಳು ಸುವರ್ಣಾ.

ಜಗದಾಂಬಾ ಟ್ಯಾಬ್ ತೆರೆದು ಓದತೊಡಗಿದರು. “ಮಗುವನ್ನು ಬೇರೆ ಡಾಕ್ಟರಿಗೆ ತೋರಿಸಿದಾಗ ನಿಮ್ಮ ಕ್ಲಿನಿಕ್ಕಿನ ಡಾಕ್ಟರಿಗೆ ಆ ವಿಷಯ ತಿಳಿದಿರುತ್ತದೆಯೇ?”

“ಯಾವಾಗ್ಲೂರಿ.”

“ಮಗುವಿನ ಬಗ್ಗೆ ನೀವು ಹೇಳುವುದನ್ನು ಅವರು ಕೇಳಿಸಿಕೊಳ್ಳುತ್ತಾರೆಯೇ?”

“ಅದೂ ಯಾವಾಗ್ಲೂ ಅಂತ ಬರಕೋರಿ. ಎಲ್ಲಾದಕ್ಕೂ ಹಂಗ ಬರಕೋರಿ ಮೇಡಮ್ಮರ. ಡಾಕ್ಟರ್ ಭಾಳ ಚೊಲೊ ಅದಾರ.”

ಬರೆದುಕೊಂಡರು. ಕೊನೆಯಲ್ಲಿ ಮನೆಯಲ್ಲಿರುವ ಔಷಧಿಗಳನ್ನು ನೋಡಿ ಗುರುತು ಹಾಕಬೇಕಿತ್ತು. ಸುವರ್ಣಾ ಪ್ಲಾಸ್ಟಿಕ್ ಚೀಲ ಸುರುವಿದಳು. ಎರಡು ಕಂಪನಿಯ ಎರಡು ಮಾತ್ರೆ ಸ್ಟ್ರಿಪ್. ಚನ್ನವೀರೇಶ್ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅವರ ಮಾತ್ರೆಗಳನ್ನು ಜಗದಾಂಬಾ ಅವರೇ ನೋಡಿಕೊಂಡಿದ್ದರು. ಹಾಗಾಗಿ ದೊಡ್ಡ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದುವುದು ಅಭ್ಯಾಸವಾಗಿತ್ತು. ಎರಡರಲ್ಲೂ ಒಂದೇ ಔಷಧಿ. ಒಂದನ್ನು ಕ್ಲಿನಿಕ್ಕಿನವರು ಬರೆದಿದ್ದರು, ಇನ್ನೊಂದನ್ನು ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು. ಸುವರ್ಣಾ ಎರಡನ್ನೂ ದಿನಕ್ಕೆರಡು ಸಲ ತಪ್ಪದೆ ಕೊಡುತ್ತಿದ್ದಳು, ಮಗುವಿಗೆ ಎರಡು ಪಟ್ಟು ಔಷಧಿ ಹೋಗುತ್ತಿತ್ತು.

ಚಾಪೆಯ ಮೇಲೆ ಹುಡುಗಿಯ ಬೆರಳುಗಳು ನಡುಗುತ್ತಿದ್ದವು. ಜಗದಾಂಬಾ ನೋಡಿದರು. ಅಯ್ಯೋ ಅನ್ನಿಸಲಿಲ್ಲ. ಫಾರಂ ಕಳಿಸಿದರು. ಕ್ಲಿನಿಕ್ಕಿಗೆ ನೂರಕ್ಕೆ ನೂರು ಎಂದು ಬಂತು. ಥ್ಯಾಂಕ್ಸ್ ಹೇಳಿ ಕೆಳಗಿಳಿದು, ಪಕ್ಕದ ಬೀದಿಯ ಮನೆಗೆ ಹೋಗಿ ಅಲ್ಲಿಯೂ ಮೂವತ್ತನಾಲ್ಕು ಪ್ರಶ್ನೆ ಮುಗಿಸಿದರು. ಬಸ್ ಸ್ಟಾಪಿನಲ್ಲಿ ಕೂತು ಡಬ್ಬಿಯ ಮೊಸರನ್ನ ತಿಂದರು. ತಿಂದು, ಕೈ ತೊಳೆದುಕೊಂಡು, ಎದ್ದು ಸುವರ್ಣಾಳ ಮನೆಗೆ ವಾಪಸ್ ಹೋದರು. ಯಾಕೆ ಹೋದಿರಿ ಎಂದು ಆಮೇಲೆ ಕೇಳಿದವರಿಗೆ, “ಗೊತ್ತಿಲ್ಲ, ಹೋದೆ,” ಎಂದಷ್ಟೇ ಹೇಳುತ್ತಿದ್ದರು.

ಎರಡು ಸ್ಟ್ರಿಪ್ಪನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಸುವರ್ಣಾ ಗೋಡೆಗೊರಗಿ ಕೂತಳು. “ನಾನ ಹಾಕೀನ್ರಿ ಅಷ್ಟೂ, ನನ್ನ ಕೈಲೆ.”

“ನೀವು ಡಾಕ್ಟರ್ ಹೇಳಿದ್ದನ್ನ ಮಾಡಿದೀರ. ಸುಮ್ನೆ ನಿಲ್ಲಿಸ್ಬೇಡಿ, ಅದೂ ಅಪಾಯ. ನಡೀರಿ, ಈಗ್ಲೇ ಕ್ಲಿನಿಕ್ಕಿಗೆ ಹೋಗೋಣ.”

“ಡಾಕ್ಟರಿಗೆ ಸಿಟ್ಟು ಬಂದ್ರ ಮುಂದ ನೋಡಂಗಿಲ್ರಿ. ಅದಕ್ಕ ನಾ ಎಲ್ಲಾ ಚೊಲೊ ಅಂದಿದ್ದು.”

ಆದರೂ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಕ್ಲಿನಿಕ್ಕಿನ ಡಾಕ್ಟರು ಸ್ಟ್ರಿಪ್ಪುಗಳನ್ನು ನೋಡಿದ ಕೂಡಲೇ, “ದೊಡ್ಡಾಸ್ಪತ್ರೆಗೆ ಹೋಗಿದ್ದು ನಮಗ್ಯಾಕಮ್ಮ ಹೇಳ್ಲಿಲ್ಲ?” ಎಂದರು.

“ಹೇಳಿದ್ನಿರಿ. ಚೀಟಿನೂ ಕೊಟ್ಟಿದ್ನಿ.” ಸುವರ್ಣಾಳ ದನಿ ಕೇಳಿಸುವಂತಿರಲಿಲ್ಲ.

ಡಾಕ್ಟರು ಫೈಲು ತೆಗೆದರು. ದೊಡ್ಡಾಸ್ಪತ್ರೆಯ ಚೀಟಿ ಅಲ್ಲೇ ಇತ್ತು, ಪಿನ್ನು ಹೊಡೆದು ಇಟ್ಟಿದ್ದರು. ಅವರು ಅದನ್ನು ಬಿಡಿಸಿ ಓದಿದರು. ಆಮೇಲೆ ದೊಡ್ಡಾಸ್ಪತ್ರೆಗೆ ತಾವೇ ಫೋನು ಮಾಡಿ, ಅಂದೇ ರಕ್ತ ಪರೀಕ್ಷೆಗೆ ಬರೆದು, ಒಂದು ಮಾತ್ರೆಯನ್ನು ಹೇಗೆ ಕಡಿಮೆ ಮಾಡುತ್ತ ಬರಬೇಕೆಂದು ಕನ್ನಡದಲ್ಲಿ ಬರೆದುಕೊಟ್ಟರು.

ಮರುದಿನ ಜಗದಾಂಬಾ ನಡೆದದ್ದನ್ನೆಲ್ಲ ಸೂಪರ್‌ವೈಸರ್ ಶಿವಕಿರಣ್‌ಗೆ ತಾವಾಗಿಯೇ ಹೇಳಿದರು. ಅವನು ಮೂವತ್ತರ ಹುಡುಗ, ಕೆಟ್ಟವನಲ್ಲ.

“ಆಂಟಿ, ಒಳ್ಳೇದೇ ಮಾಡಿದೀರ. ಆದ್ರೆ ಸಲಹೆ ಕೊಟ್ಟ ಮೇಲೆ ಆ ಫಾರಂ ಕ್ಯಾನ್ಸಲ್ ಆಗುತ್ತೆ. ಬೇರೆ ಮನೆ ತಗೋಬೇಕು.”

“ಅವಳ ಉತ್ತರ ಸುಳ್ಳಪ್ಪ. ಹೆದ್ರಿಕೊಂಡು ಹೇಳಿದ್ದು. ಅದನ್ನ ತಿದ್ದಿ ಬರೀಬಹುದಲ್ವಾ?”

“ಅವ್ರು ಏನು ಹೇಳಿದ್ರೋ ಅದೇ ಉತ್ತರ. ತಿದ್ದಂಗಿಲ್ಲ.”

ಸುವರ್ಣಾಳ ಫಾರಂ ಹೋಯಿತು. ಬದಲಿಗೆ ಇನ್ನೊಂದು ಮನೆ ಬಂತು, ಅವರೂ ಎಲ್ಲ ಚೆನ್ನಾಗಿದೆ ಎಂದರು. ಕ್ಲಿನಿಕ್ಕಿಗೆ ಒಳ್ಳೆಯ ಅಂಕವೇ ಬಿತ್ತು. ಜಗದಾಂಬಾ ಅವರನ್ನು ಕೆಂಗೇರಿಯ ಮನೆಗಳಿಗೆ ವರ್ಗ ಮಾಡಿದರು. ಅವರು ಬಸ್ಸಿನ ನಂಬರು ಬರೆದುಕೊಂಡರು.

ಮೂರು ವಾರದ ಮೇಲೆ ಒಂದು ಭಾನುವಾರ ಗೋವಿಂದರಾಜನಗರಕ್ಕೆ ಹೋದರು. ಬಾಗಿಲು ತೆರೆದವಳು ಸಂಘಮಿತ್ರಾ. ಇವರು ಯಾರೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಬಾಯಿ ಅಗಲಿಸಿ, “ನೋಡ್ರಿ, ಹಲ್ಲು ಬಿತ್ತು,” ಎಂದಳು. ಜಗದಾಂಬಾ ಬಗ್ಗಿ ನೋಡಿದರು. ಸಂತೋಷವಾಗಬೇಕಿತ್ತು. ಆಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದರು. ಏನೂ ಆಗಲಿಲ್ಲ. ಒಳಗೆ ಹೋಗಿ ಕೂತು ಚಹಾ ಕುಡಿದರು.

ಹೊರಡುವಾಗ ಸುವರ್ಣಾ, “ಮುಂದಿನ ಐತಾರ ಬರ್ರಿ ಅಕ್ಕಾರ, ರೊಟ್ಟಿ ಬಡೀತೀನಿ,” ಎಂದಳು.

“ಬರ್ತೀನಿ,” ಎಂದರು ಜಗದಾಂಬಾ. ಆ ಭಾನುವಾರ ಹೋದರು.