ಕತ್ತರಿಸಿದ ಕೂಗು

ಮಾಲೂರಿನ ನಮ್ಮ ಮನೆಯೆದುರು ಮಿಕ್ಸಿ ರಿಪೇರಿ ಮಾಡುತ್ತಿದ್ದವರ ಅಂಗಡಿಯಲ್ಲಿ ಒಂದೇ ಕ್ಯಾಸೆಟ್ ಓಡುತ್ತಿತ್ತು. ಒಂದು ಇಂಗ್ಲಿಷ್ ರಾಕ್ ತಂಡದ ಜನಪ್ರಿಯ ಹಾಡುಗಳ ಸಂಗ್ರಹ ಅದು. ಮೊದಲ ಕೆಲವು ಹಾಡುಗಳನ್ನು ತಂಡದ ಹಳೆಯ ಗಾಯಕ ಹಾಡಿದ್ದ. ಅವನು ಬಿಟ್ಟುಹೋದ ಮೇಲೆ ಬಂದವನು ಉಳಿದವನ್ನು ಹಾಡಿದ್ದ. ರಿಪೇರಿಯವರು ಹಳಬನ ಕಡೆ. ಹೊಸಬನ ದನಿ ಬಂದೊಡನೆ ಸ್ಕ್ರೂಡ್ರೈವರ್ ಕೆಳಗಿಟ್ಟು, "ಇವನೇನು ಹಾಡ್ತಾನಮ್ಮ, ಅರಚ್ತಾನೆ" ಎನ್ನುತ್ತಿದ್ದರು. ಆದರೂ ಟೇಪು ನಿಲ್ಲಿಸುತ್ತಿರಲಿಲ್ಲ. ಟೇಕಲ್‌ನಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಅವರ ಗೆಳೆಯ ಹೊಸಬನ ಕಡೆ. "ನಿನ್ನ ಹಳಬ ಇನ್ನೂ ಅಳ್ತಾವ್ನೇನ್ಲಾ?" ಎನ್ನುತ್ತಲೇ ಒಳಗೆ ಬರುತ್ತಿದ್ದರು.

ಒಂದು ಬೆಳಿಗ್ಗೆ ನಾನು ಮಿಕ್ಸಿ ತರಲು ಹೋದಾಗ, ಹಳಬನ ಹಾಡು ಮುಗಿದು ಹೊಸಬನದು ಶುರುವಾಗುವಲ್ಲಿ ಟೇಪು ಸಿಕ್ಕಿಕೊಂಡು ಹರಿದಿತ್ತು. ಎರಡೂ ತುದಿ ಸುಕ್ಕಾಗಿದ್ದವು. ಹೊಸಬನ ತುದಿಯನ್ನು ರಿಪೇರಿಯವರು ಉಗುರಿನಿಂದ ಬಹಳ ಹೊತ್ತು ನೀವಿ ಸರಿಮಾಡಿದರು. ಹಳಬನ ತುದಿಯನ್ನು ಮಾತ್ರ ಗೇಣುದ್ದ ಕತ್ತರಿಸಿ ಅಂಟಿಸಿದರು. ಅವರಿಗೆ ಪ್ರಾಣವಾಗಿದ್ದ ಕೊನೆಯ ಕೂಗು ಅದರಲ್ಲಿತ್ತು.

"ನಿಮ್ಮವನದ್ದೇ ಕತ್ತರಿಸಿಬಿಟ್ರಲ್ಲ?" ಎಂದೆ.

"ಪೋನೀ ಬಿಡಮ್ಮ. ಆ ಟೇಕಲ್‌ನವನ ಹಾಡು ಕೆಟ್ರೆ, ನಾನು ಬೇಕಂತಲೇ ಮಾಡ್ದೆ ಅಂದ್ಕೊಂಡು ಬರೋದೇ ಬಿಟ್ಬಿಡ್ತಾನೆ."

ಅಷ್ಟರಲ್ಲಿ ಗೆಳೆಯ ಬಂದರು. ಅಂಟಿಸಿದ ಟೇಪು ಓಡುತ್ತಿತ್ತು; ಹಳಬನ ಹಾಡು ಕೂಗಿಗೆ ಮೊದಲೇ ಕಡಿದು ಹೊಸಬನದು ಶುರುವಾಯಿತು. ಅವರು ಮೇಜಿನ ಮೇಲಿದ್ದ ತುಂಡನ್ನು ನೋಡಿದರು. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಆ ಜಾಗ ಬಂದಾಗ, ತಮ್ಮ ಹೊಸಬನ ದನಿ ಮುಳುಗಿಹೋಗುವಂತೆ, ಹಳಬನ ಕೂಗನ್ನು ತಾವೇ ಕೂಗಿದರು.

ರಿಪೇರಿಯವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಇವನೇನು ಹಾಡ್ತಾನಮ್ಮ, ಅರಚ್ತಾನೆ" ಎಂದು ಟೇಪನ್ನು ಮತ್ತೊಮ್ಮೆ ಹಿಂದಕ್ಕೆ ಸುತ್ತಿದರು.