ಮಧುನಾಶಿನಿಯ ಪುಡಿ, ಒಂದು ಕಾಲ್ಬೆರಳು

ನನ್ನ ಗಂಡನ ಬೂಟಿನೊಳಗೆ ಬೆಳಗಿನಿಂದ ಒಂದು ಕಬ್ಬಿಣದ ನಟ್ಟು ಇತ್ತು. ರಬಾಳೆಯ ಫ್ಯಾಕ್ಟರಿಯಲ್ಲಿ ಇಡೀ ಪಾಳಿ ಲೋಡಿಂಗ್ ಮಾಡಿ, ಎರಡು ಲೋಕಲ್ ರೈಲುಗಳಲ್ಲಿ ನಿಂತೇ ಶಹಾಡ್‌ನ ಮನೆಗೆ ಬಂದಿದ್ದರು. ಬೂಟು ಬಿಚ್ಚಿದಾಗ ಕಾಲುಚೀಲ ರಕ್ತದಲ್ಲಿ ನೆಂದಿತ್ತು.

ಅವರಿಗೆ ನೋವೇ ಆಗಿರಲಿಲ್ಲ.

ಶುಗರ್ ಇರುವುದು ಮೂರು ವರ್ಷದ ಹಿಂದೆಯೇ ಗೊತ್ತಾಗಿತ್ತು. ಮಾತ್ರೆ ನುಂಗುತ್ತಿದ್ದರು. ಹೋದ ವರ್ಷ ವಿಜಯಪುರದಿಂದ ಅವರ ಅಕ್ಕ ಮಧುನಾಶಿನಿಯ ಎಲೆ, ಪುಡಿ ತಂದರು. ನನಗೂ ಒಂದು ಎಲೆ ಅಗಿಯಲು ಕೊಟ್ಟು, ಮೇಲೆ ಚಿಟಿಕೆ ಸಕ್ಕರೆ ಹಾಕಿದರು. ಮರಳು ತಿಂದಂತಾಯಿತು.

"ನೋಡಿದ್ಯಾ? ನಾಲಿಗಿ ಮ್ಯಾಲಿನ ಸಕ್ರಿ ಸತ್ತೇ ಹೋತು. ರಕ್ತದಾಗಿಂದೂ ಹಂಗ ಹೋಗತದ."

ನಂಬಿದೆ. ಮೊದಲು ಮಾತ್ರೆಯ ಜೊತೆಗೇ ಪುಡಿ ಕೊಟ್ಟೆ. ಬಾಯಿರುಚಿ ಕೆಟ್ಟು ಅವರಿಗೆ ಸಿಹಿ ಚಹಾ, ಬಿಸ್ಕಿಟ್ ಎರಡೂ ಬೇಡವಾದವು. ತಿಂಗಳೊಳಗೆ ಶುಗರ್ ಇಳಿಯಿತು. ಆಗ ಮಾತ್ರೆಗಳನ್ನು ತೆಗೆದು ಕಪಾಟಿನ ಮೇಲಿಟ್ಟವಳು ನಾನು.

"ಇನ್ನ ಇವು ಬ್ಯಾಡ್ರಿ. ಕಿಡ್ನಿ ಕೆಡಸತಾವಂತ."

ಅವರು ಹ್ಞೂಂ ಎಂದರು. ಆಮೇಲೆ ಟೆಸ್ಟ್ ಕೂಡ ಮಾಡಿಸಲಿಲ್ಲ.

ನಟ್ಟಿನ ಗಾಯ ಒಂದೇ ವಾರದಲ್ಲಿ ಕಪ್ಪಾಯಿತು. ಕಲ್ಯಾಣದ ಆಸ್ಪತ್ರೆಗೆ ಅಡ್ಮಿಟ್ ಮಾಡಿದೆವು.

ಹೆಬ್ಬೆರಳು ತೆಗೆದರು.

"ಪಪ್ಪಾ ಕೀ ಗೋಲೀ ಕಿಸನೇ ಬಂದ್ ಕೀ?" ವಾರ್ಡಿನ ಹೊರಗೆ ಮಗಳು ಹಿಂದಿಯಲ್ಲಿ ಕೇಳಿದಳು. ಮಾತ್ರೆ ನಿಲ್ಲಿಸಿದ್ದು ಯಾರೆಂದು ಕೇಳಿದಾಗ ನಾನು ಮುಖ ತಿರುಗಿಸಿದೆ. ಅವಳಿಗೆ ಗೊತ್ತಾಯಿತು.

ಡಾಕ್ಟರ್ ಮಂಗಳೂರು ಕಡೆಯವರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

"ಎಲೆಯಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲಮ್ಮ. ನಾಲಿಗೆಗೆ ಸಿಹಿ ಗೊತ್ತಾಗದ ಹಾಗೆ ಮಾಡ್ತದೆ. ಕರುಳು ಸಕ್ಕರೆ ಹೀರುವುದನ್ನೂ ಸ್ವಲ್ಪ ತಡೀಬಹುದು. ಆದರೆ ಮಾತ್ರೆ ಬಿಡಿ ಅಂತ ಎಲೆ ಹೇಳಿತಾ?"

ಅದು ಪೂರ್ತಿ ಸುಳ್ಳಾಗಿದ್ದರೆ ಅಕ್ಕನನ್ನು, ಊರನ್ನು, ಆ ಬಳ್ಳಿಯನ್ನು ಬೈದು ಸುಮ್ಮನಾಗಬಹುದಿತ್ತು. ಅದರಲ್ಲಿ ಚೂರು ನಿಜವಿತ್ತು, ಆ ಚೂರನ್ನು ಹಿಡಿದು ಉಳಿದದ್ದನ್ನೆಲ್ಲ ನಾನೇ ಕೈಬಿಟ್ಟೆ.

ಅಕ್ಕ ಫೋನ್ ಮಾಡಿ, "ಪುಡಿ ತಪ್ಪಿಸಿದ್ರೇನು?" ಎಂದು ಕೇಳಿದರು. ಗಂಡ ಫೋನ್ ಕಸಿದುಕೊಂಡರು. "ನಟ್ಟು ಚುಚ್ಚಿತ್ತಕ್ಕ, ಅಷ್ಟ," ಎಂದು ಇಟ್ಟುಬಿಟ್ಟರು. ಅಕ್ಕನೆದುರು ನನ್ನ ತಪ್ಪು ಮುಚ್ಚಿದರೋ, ಆ ಮಾತೇ ಇನ್ನು ಬೇಡವೆಂದರೋ ತಿಳಿಯಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಈಗ ಇನ್ಸುಲಿನ್ ನಡೆದಿದೆ. ಕಂಪನಿಯವರು ಗೇಟಿನಲ್ಲಿ ಕೂರುವ ಕೆಲಸ ಕೊಟ್ಟಿದ್ದಾರೆ. ಸಂಜೆ ಬಂದೊಡನೆ ನಾನು ನೆಲದ ಮೇಲೆ ಕುಳಿತು ಅವರ ಪಾದ ತೊಳೆದು, ಉಳಿದ ಒಂಬತ್ತು ಬೆರಳುಗಳ ಸಂದು ಸಂದನ್ನೂ ನೋಡುತ್ತೇನೆ. ಅವರು ಕಾಲನ್ನು ಹಿಂದಕ್ಕೆಳೆದುಕೊಳ್ಳುವುದಿಲ್ಲ.

ಸದ್ಯಕ್ಕೆ ನನಗೆ ಅಷ್ಟು ಸಾಕು.