ಊಟದ ಜೊತೆಗಿನ ಗ್ರೀನ್ ಟೀ

ಆ ವರ್ಷ ನನಗೆ ಬೆಳಿಗ್ಗೆ ಏಳುವಾಗಲೇ ದಣಿವಾಗಿರುತ್ತಿತ್ತು. ರಾತ್ರಿಯಿಡೀ ಯಾರದೋ ಹೊಲದಲ್ಲಿ ಕಳೆ ತೆಗೆದು ಬಂದವಳಂತೆ ಕೈಕಾಲು ಭಾರವಾಗಿರುತ್ತಿದ್ದವು. ಹಾಗೇ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಬಸ್ಸು ಹತ್ತುತ್ತಿದ್ದೆ. ದಾರಿಯಲ್ಲಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವುದು ನನ್ನ ಕೆಲಸ. ಸೀಟು ಸಿಗುವುದು ಅಪರೂಪ. ಕಂಬಿಗೆ ಜೋತುಬಿದ್ದು ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದೆ.

ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಗಂಡನ ನೌಕರಿ ಇಂಡಿ ಪಟ್ಟಣದಲ್ಲಿ. ಶನಿವಾರ ಸಂಜೆ ಬಂದರೆ ಸೋಮವಾರ ನಸುಕಿನಲ್ಲೇ ಹೊರಟುಬಿಡುತ್ತಿದ್ದರು. ಅತ್ತೆ ಮಾತಿಗೆ ಬಲು ಬಿಗಿ. ದಿನಕ್ಕೊಮ್ಮೆ, ಸಂಜೆ ನಾನು ಶಾಲೆಯಿಂದ ಬಂದ ಮೇಲೆ, ಶುಂಠಿ ಜಜ್ಜಿ ಹಾಕಿದ ಹಾಲಿನ ಚಹಾ ಮಾಡುತ್ತಿದ್ದರು. ಕಪ್ಪಿನಿಂದ ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿಯುತ್ತ ಬೀದಿಯ ನಾಲ್ಕು ಸುದ್ದಿ ಹೇಳುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದ ಮಾತೆಲ್ಲ ಅಷ್ಟೇ.

ಶಾಲೆಯಲ್ಲಿ ಆರೋಗ್ಯ ತಪಾಸಣೆ ಮಾಡಿದವರು ನನ್ನ ರಕ್ತದ ಸಕ್ಕರೆ ಕಾಯಿಲೆಯ ಅಂಚಿನಲ್ಲಿದೆ ಎಂದರು. ಸಿಂದಗಿಯ ಕಡೆಯಿಂದ ಬಂದ ಗಣಿತದ ಶಿಕ್ಷಕಿ, ನನಗಿಂತ ಚಿಕ್ಕವಳು, ಮರುದಿನವೇ ಗ್ರೀನ್ ಟೀ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ಕುಡೀರಿ ಅಕ್ಕಾರ. ಸಕ್ಕರಿ ಇಳೀತೈತಿ, ಮೈ ಹಗರ ಆಕ್ಕೈತಿ. ದಣಿವಂತೂ ಬಿಟ್ಟು ಓಡ್ತೈತಿ. ನನ್ನ ನೋಡ್ರಿ."

ಅವಳನ್ನು ನೋಡಿದರೆ ನಂಬುವಂತೆಯೇ ಇತ್ತು. ಚಟಪಟ ಓಡಾಡುತ್ತಿದ್ದಳು. ನಾನು ಮೊಬೈಲಿನಲ್ಲಿ ಹುಡುಕಿದೆ. ಹೃದಯಕ್ಕೆ ಒಳ್ಳೆಯದು, ಚರ್ಮಕ್ಕೆ ಒಳ್ಳೆಯದು, ನೆನಪಿನ ಶಕ್ತಿಗೆ ಒಳ್ಳೆಯದು. ಯಾವುದಕ್ಕೆ ಒಳ್ಳೆಯದಲ್ಲ ಎಂದು ಹುಡುಕಬೇಕೆಂದು ಹೊಳೆಯಲಿಲ್ಲ. ಬೆಳಿಗ್ಗೆ ಉಪ್ಪಿಟ್ಟಿನ ಜೊತೆ, ಮಧ್ಯಾಹ್ನ ಫ್ಲಾಸ್ಕಿನಿಂದ ರೊಟ್ಟಿಯ ಜೊತೆ, ರಾತ್ರಿ ಉಂಡ ಕೂಡಲೇ ಕುಡಿಯತೊಡಗಿದೆ. ಹಾಲಿನ ಚಹಾ ಪೂರ್ತಿ ಬಿಟ್ಟೆ.

ಅತ್ತೆ ಮೊದಲ ದಿನ ಆ ಲೋಟವನ್ನು ಬಗ್ಗಿ ನೋಡಿದರು.

"ಏನಿದು, ಹುಲ್ಲು ತೊಳದ ನೀರ ಇದ್ದಂಗ ಐತಿ."

"ಆರೋಗ್ಯಕ್ಕ ಛಲೋರಿ, ಅತ್ತಿ."

"ಕುಡಿಯವ್ವ, ಕುಡಿ," ಎಂದು ಒಳಗೆ ಹೋದರು. ಕೆಲವು ದಿನ ತಮ್ಮೊಬ್ಬರಿಗೇ ಚಹಾ ಮಾಡಿಕೊಂಡರು. ಆಮೇಲೆ ಅದೂ ನಿಂತಿತು. ಕೇಳಿದರೆ, "ಒಬ್ಬಾಕಿ ಸಲುವಾಗಿ ಯಾಕ ಗ್ಯಾಸ್ ಸುಡೂದು?" ಎಂದರು. ಚಹಾ ಬಿಟ್ಟು ತಲೆನೋವು ಹಿಡಿದು ಹಣೆಗೆ ಬಟ್ಟೆ ಕಟ್ಟಿಕೊಂಡು ಕೂತರೇ ವಿನಾ ಮತ್ತೆ ಒಲೆ ಹಚ್ಚಲಿಲ್ಲ. ಮಾಡಿಕೊಡೋಣವೆಂದರೆ ನನ್ನಲ್ಲಿ ನಿಲ್ಲುವ ಶಕ್ತಿ ಇರಲಿಲ್ಲ. ಸಂಜೆ ಬಂದವಳೇ ಮಲಗಿಬಿಡುತ್ತಿದ್ದೆ.

ತೊಗರಿ ಕೊಯ್ಲಿನ ಹೊತ್ತಿಗೆ ನಾನು ಸಣ್ಣಗಾಗಿದ್ದೆ. ಕಂಡವರೆಲ್ಲ ಚೆನ್ನಾಗಿ ಕಾಣುತ್ತೀರಿ ಎನ್ನುತ್ತಿದ್ದರು. ಆದರೆ ಹಲಗೆಯ ಮೇಲೆ ನಾಲ್ಕು ಸಾಲು ಬರೆದರೆ ಏದುಸಿರು. ಒಂದು ಸಂಜೆ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎರಡು ಹೆಜ್ಜೆ ಇಟ್ಟಿರಬೇಕು, ಕಣ್ಣು ಕತ್ತಲೆ ಬಂತು. ನೆಲಕ್ಕೆ ಕೂತದ್ದು ನೆನಪಿದೆ. ಕಬ್ಬಿನ ಹಾಲು ಮಾರುವ ಹೆಂಗಸು ಮುಖಕ್ಕೆ ನೀರು ಚಿಮುಕಿಸಿ ಆಟೊ ಹತ್ತಿಸಿದಳು.

ಅತ್ತೆ ನನ್ನನ್ನು ಬಾಗಿಲಲ್ಲಿ ನೋಡಿದವರೇ ಹೇಳಿದರು: "ನಾಳೆ ಸಾಲಿಗಿ ಹೋಗಾಂಗಿಲ್ಲ. ದವಾಖಾನಿಗಿ ನಾನೂ ಬರ್ತೇನಿ."

ಡಾಕ್ಟರು ಹೆಣ್ಣುಮಗಳು. ಉಗುರು ನೋಡಿದರು, ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು, ರಕ್ತ ತೆಗೆಸಿದರು. ಮಧ್ಯಾಹ್ನ ಮತ್ತೆ ಕರೆದು, "ಮೈಯಾಗ ರಕ್ತಾನ ಇಲ್ಲಲ್ರಿ. ಹೆಂಗ ನಿಂತು ಪಾಠ ಮಾಡಾಕತ್ತೀರಿ?" ಎಂದರು. ಸಕ್ಕರೆ ಮಾತ್ರ ಇಳಿದಿತ್ತು. ಹಾಲಿನ ಚಹಾ ಬಿಟ್ಟು ಊಟದ ಜೊತೆ ಗ್ರೀನ್ ಟೀ ಕುಡಿಯುವುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಸಕ್ಕರಿ ಇಳಿದಿದ್ದು ನೀವು ಚಾದಾಗಿನ ಸಕ್ಕರಿ ಬಿಟ್ಟಿದ್ದಕ್ಕ ಇರಬೇಕ್ರಿ. ಗ್ರೀನ್ ಟೀ ಕೆಟ್ಟದ್ದಲ್ಲ. ಆದ್ರ ಊಟದ ಜೋಡಿ ಕುಡಿದ್ರ ಊಟದಾಗಿನ ಕಬ್ಬಿಣ ಮೈಗಿ ಹತ್ತಗೊಡೂದಿಲ್ಲ. ಮೊದಲ ನಿಮ್ಮಲ್ಲಿ ಕಡಿಮಿ ಐತಿ." ಆಮೇಲೆ ದನಿ ತಗ್ಗಿಸಿ ಕೇಳಿದರು: "ತಿಂಗಳದ್ದು ಹೆಂಗ ಐತಿ?"

ನಾನು ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಡೆ ನೋಡಿದೆ. ಒಂದು ವರ್ಷದಿಂದ ರಕ್ತಸ್ರಾವ ವಿಪರೀತವಾಗಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲು ಹೆದರುವಷ್ಟು. ವಯಸ್ಸಾಯಿತು, ನಿಲ್ಲುವ ಕಾಲ, ಹೀಗೇ ಇರುತ್ತದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಅತ್ತೆಯ ಎದುರು ಅದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ. ಆದರೂ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ದುಃಖಕ್ಕಲ್ಲ, ಬರೀ ದಣಿವಿಗೆ.

ಡಾಕ್ಟರು ಮಾತ್ರೆ ಬರೆದುಕೊಟ್ಟು, ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಲು ಹೇಳಿದರು. ಹೊರಗೆ ಬಂದು ಬೇವಿನ ನೆರಳಲ್ಲಿ ಆಟೊ ಕಾಯುತ್ತ ನಿಂತಾಗ ಅತ್ತೆ ರಸ್ತೆಯ ಕಡೆ ನೋಡುತ್ತಲೇ ಮಾತಾಡಿದರು.

"ನನಗೂ ಹಿಂಗ ಆಗಿತ್ತು. ಎರಡು ವರ್ಷ. ಹೊಲದಾಗ ಬಿದ್ದಿದ್ದೆ ಒಮ್ಮಿ."

"ಯಾರಿಗಿ ಹೇಳಿದ್ರಿ?"

"ಯಾರಿಗಿ ಹೇಳೂದು? ಗಂಡಸರಿಗಿ ಹೇಳೂದ? ನಮ್ಮ ಅತ್ತಿಗಿ ಹೇಳಿದ್ರ ಕೆಲಸಗಳ್ಳಿ ಅಂತಿದ್ಲು." ಬರುತ್ತಿದ್ದ ಆಟೊಗೆ ಕೈ ಮಾಡುತ್ತ, "ನೀ ನನಗ ಹೇಳಬೇಕಿತ್ತು" ಎಂದರು. ಅದರಲ್ಲಿ ಸಿಟ್ಟಿತ್ತೋ ನೋವಿತ್ತೋ, ಈಗಲೂ ನನಗೆ ಗೊತ್ತಿಲ್ಲ.

ಗರ್ಭಕೋಶದಲ್ಲಿ ಗಂಟು ಇತ್ತು. ಕೆಟ್ಟದ್ದಲ್ಲ ಎಂದರು; ಔಷಧ ನಡೆಯಿತು. ಸ್ಕ್ಯಾನ್ ಮುಗಿಸಿ ಬರುವಾಗ ಅತ್ತೆ ನೂಕುನುಗ್ಗಲಿನಲ್ಲಿ ಮೊದಲು ಬಸ್ಸು ಹತ್ತಿ ಕಿಟಕಿಯ ಪಕ್ಕ ಸೆರಗು ಹರವಿ ನನಗೂ ಸೀಟು ಹಿಡಿದಿದ್ದರು. ನಾನು ಅವರ ಹೆಗಲ ಮೇಲೆ ತಲೆಯಿಟ್ಟು ಬಾಗೇವಾಡಿ ಬರುವತನಕ ನಿದ್ದೆ ಮಾಡಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಗ್ರೀನ್ ಟೀ ಬಿಟ್ಟಿಲ್ಲ. ಡಾಕ್ಟರು ಹೇಳಿದಂತೆ ಊಟದಿಂದ ದೂರ, ನಡುಹೊತ್ತಿನಲ್ಲಿ ಒಂದು ಲೋಟ ಕುಡಿಯುತ್ತೇನೆ. ಬಾಯಿ ಶುದ್ಧವಾಗುತ್ತದೆ, ತರಗತಿಯಲ್ಲಿ ತೂಕಡಿಕೆ ಬರುವುದಿಲ್ಲ. ಅದರಿಂದ ನನಗೆ ಆದ ಲಾಭ ಅಷ್ಟೇ, ಅದು ಸಾಕು. ಗಣಿತದ ಶಿಕ್ಷಕಿ ಮಾತ್ರ ಬಹಳ ನೊಂದುಕೊಂಡಳು. ತನ್ನ ಡಬ್ಬಿಯಿಂದಲೇ ನಾನು ಬಿದ್ದೆನೆಂದು ಅವಳ ಎಣಿಕೆ.

"ನಿಂದೇನ ತಪ್ಪಿಲ್ಲವ್ವ," ಎಂದೆ. "ನೀನೂ ಒಮ್ಮಿ ರಕ್ತ ತೋರಿಸು."

"ನನಗೇನಾಗೇತ್ರಿ?" ಎಂದು ನಕ್ಕಳು. ನಾನೂ ಹಾಗೇ ಅಂದುಕೊಂಡಿದ್ದವಳು; ಆ ನಗು ನನಗೆ ಹಿಡಿಸಲಿಲ್ಲ. ಮುಂದಿನ ವಾರ ನಾನೇ ಅವಳನ್ನು ಕರೆದುಕೊಂಡು ಹೋದೆ. ಅವಳ ರಕ್ತ ಸರಿಯಿತ್ತು. ನನ್ನ ಮೈಯಲ್ಲಿ ರಕ್ತ ತುಂಬಿ, ಒಂದು ವರ್ಷ ನನಗೆ ಅಂಟಿಕೊಂಡಿದ್ದ ದಣಿವು ಹೋಗಲು ಮತ್ತೊಂದು ವರ್ಷ ಬೇಕಾಯಿತು.